ಉಡಿಯ ಕೊಬ್ಬರಿ

ಬಸವಕಲ್ಯಾಣದ ನಮ್ಮ ಓಣಿಯಲ್ಲಿ ಬೆಳಗಾಗುವುದೇ ರೊಟ್ಟಿ ಬಡಿಯುವ ಸಪ್ಪಳದಿಂದ. ಮೊದಲು ಮೂಲೆಮನೆಯಲ್ಲಿ ಶುರುವಾಗುತ್ತದೆ, ಆಮೇಲೆ ಸಾಲಾಗಿ ಎಲ್ಲ ಅಡುಗೆಮನೆಗಳಲ್ಲೂ. ಅವ್ವನ ಕೈಯ ಬಡಿತವನ್ನು ನಾನು ನಿದ್ದೆಯಲ್ಲೂ ಗುರುತು ಹಿಡಿಯುತ್ತಿದ್ದೆ. ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಒಂದು ಚಳಿಗಾಲದಲ್ಲಿ, ಚೊಚ್ಚಲ ಬಸುರಿಯಾಗಿದ್ದ ನಾನು ಹುಮನಾಬಾದಿನ ಗಂಡನ ಮನೆಯಿಂದ ನಾಲ್ಕು ದಿನ ಇದ್ದು ಹೋಗಲು ತವರಿಗೆ ಬಂದೆ. ಮೊದಲ ಬೆಳಗ್ಗೆ ಎಚ್ಚರವಾದಾಗ ಹಾಸಿಗೆಯಲ್ಲೇ ಕೂತು ಕೇಳಿದೆ. ಎಡಗಡೆ ಮನೆಯಲ್ಲಿ ಬಡಿಯುತ್ತಿದ್ದರು, ಬಲಗಡೆ ಮನೆಯಲ್ಲೂ ಬಡಿಯುತ್ತಿದ್ದರು. ನಮ್ಮ ಮನೆ ಮಾತ್ರ ಒಳಗೆ ಯಾರೂ ಇಲ್ಲವೇನೋ ಎನ್ನುವಷ್ಟು ಸುಮ್ಮನಿತ್ತು.

ಎದ್ದು ಅಡುಗೆಮನೆಗೆ ಹೋದೆ. ಒಲೆಯನ್ನು ಸಾರಿಸಿ ಚೊಕ್ಕಟ ಮಾಡಿ ಇಟ್ಟಿದ್ದರು, ಒಂದು ಚಿಟಿಕೆ ಬೂದಿ ಇರಲಿಲ್ಲ. ಪಕ್ಕದ ಗ್ಯಾಸಿನ ಮೇಲೆ ಹಳೆಯ ಧೋತರದ ತುಂಡು ಹೊದಿಸಿದ್ದರು. ಒಲೆಗೂಡಿನ ಬಿಸಿ ಬೂದಿಯಲ್ಲಿ ಮಲಗುತ್ತಿದ್ದ ಬೆಕ್ಕು ಮನೆ ಬಿಟ್ಟು ಪಕ್ಕದವರಲ್ಲಿ ಸೇರಿಕೊಂಡಿತ್ತು. ಅವ್ವ ನೆಲದ ಮೇಲೆ ಕೂತು ನೆನೆದ ಹೆಸರುಕಾಳನ್ನು ಅರಿವೆಯಲ್ಲಿ ಕಟ್ಟುತ್ತಿದ್ದಳು. ಮೊಳಕೆ ಬರಿಸಲಿಕ್ಕೆ.

ನಾನು ಕೇಳುವ ಮೊದಲೇ ಹಿತ್ತಲ ಬಾಗಿಲು ತೆರೆಯಿತು. ಬಲಗಡೆ ಮನೆಯ ಹೆಂಗಸು ತಲೆಯ ಮೇಲೆ ಸೆರಗು ಹೊದ್ದು, ಯಾರನ್ನೂ ಕರೆಯದೆ ಒಳಗೆ ಬಂದಳು. ಅರಿವೆ ಮುಚ್ಚಿದ ಬುಟ್ಟಿಯನ್ನು ಕಟ್ಟೆಯ ಮೇಲೆ ಇಟ್ಟಳು. ನಿನ್ನೆಯ ಖಾಲಿ ಬುಟ್ಟಿಯನ್ನು ಮುಟ್ಟದೆ, ಹೋಗುತ್ತೇನೆ ಎಂದೂ ಹೇಳದೆ ಹೊರಟುಹೋದಳು. ನಮ್ಮ ಕಡೆ ಹೀಗೆ ರೊಟ್ಟಿ ತಂದುಕೊಡುವುದು ಒಂದೇ ಮನೆಗೆ, ಸಾವಾದ ಮನೆಗೆ. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಓಣಿಯವರು ತರುತ್ತಾರೆ, ಮಾತಾಡದೆ ಇಟ್ಟು ಹೋಗುತ್ತಾರೆ. ಯಾರು ಹೋದರು ಎಂದು ನಾನು ಬಾಯಿಬಿಟ್ಟು ಕೇಳಿಯೇಬಿಟ್ಟೆ.

"ಥೂ, ಬಾಯಾಗ ಏನ ಮಾತ," ಅಂದಳು ಅವ್ವ. "ನಿಮ್ಮಪ್ಪ ಹಸೀದ ತಿನ್ನಾಕತ್ತಾರ. ಅವರ ಮುಂದ ಬಿಸಿ ರೊಟ್ಟಿ ನಾ ಹ್ಯಾಂಗ ತಿನ್ನಲಿ? ವಾಸನಿ ಬಂದ್ರ ಸಾಕು, ಕಣ್ಣಾಗ ನೀರ ತರತಾರ. ಅದಕ್ಕ ಒಲಿನೇ ಹಚ್ಚಂಗಿಲ್ಲ. ಈ ರೊಟ್ಟಿ ನಿಮ್ಮ ದೊಡ್ಡವ್ವಗ. ಇವತ್ತಿನಿಂದ ನಿನಗೂ."

ಇದರ ಬುಡ ದೊಡ್ಡಪ್ಪನ ಸಾವಿನಲ್ಲಿತ್ತು. ದೊಡ್ಡಪ್ಪ ಅಂದರೆ ಅಪ್ಪನ ಅಣ್ಣ. ಇಬ್ಬರೂ ಸೇರಿ ಬಜಾರಿನಲ್ಲಿ ಕಿರಾಣಿ ಅಂಗಡಿ ನಡೆಸುತ್ತಿದ್ದರು. ಒಂದು ಮಧ್ಯಾಹ್ನ ದೊಡ್ಡಪ್ಪ ಅಂಗಡಿಯ ಗಾದಿಯ ಮೇಲೆ ಗೋಡೆಗೆ ಒರಗಿ ಕೂತಲ್ಲೇ ತೀರಿಕೊಂಡ. ಕಣ್ಣು ತೆರೆದೇ ಇದ್ದವು. ಬೆಲ್ಲ ಕೇಳಲು ಬಂದ ಗಿರಾಕಿಯೊಬ್ಬ ಸ್ವಲ್ಪ ಹೊತ್ತು ಅವನ ಜೊತೆ ಚೌಕಾಶಿ ಮಾಡಿದ್ದನಂತೆ. ನಮ್ಮಲ್ಲಿ ಹೂಳುವುದೂ ಕೂಡಿಸಿಯೇ. ಗಾದಿಯ ಮೇಲೆ ಹೇಗೆ ಕೂತಿದ್ದನೋ ಹಾಗೇ ಮಣ್ಣಿಗೆ ಇಳಿಸಿದರು. ಮಕ್ಕಳಿಲ್ಲದ ದೊಡ್ಡವ್ವ ನಮ್ಮ ಮನೆಯಲ್ಲೇ ಉಳಿದಳು, ಗಾದಿಗೆ ಅಪ್ಪ ಬಂದ.

ದೊಡ್ಡಪ್ಪ ತೀರಿಕೊಂಡ ವಯಸ್ಸು ಅಪ್ಪನಿಗೂ ಹತ್ತಿರ ಬಂದಾಗ ಒಂದು ದಿನ ತೊಗರಿ ಚೀಲ ಸರಿಸುತ್ತ ಎದೆ ಹಿಡಿದುಕೊಂಡ. ಹುಮನಾಬಾದಿನಲ್ಲಿ ನನ್ನ ಗಂಡನ ಮನೆಯ ಹತ್ತಿರದ ದವಾಖಾನೆಗೆ ಕರೆತಂದೆವು. ಹೃದಯ ಸದ್ಯಕ್ಕೆ ಸರಿ ಇದೆ, ಆದರೆ ರಕ್ತದಲ್ಲಿ ಕೊಲೆಸ್ಟ್ರಾಲ್ ಇರಬೇಕಾದ್ದಕ್ಕಿಂತ ಭಾಳ ಮೇಲಿದೆ ಎಂದರು ಡಾಕ್ಟರು. ಗುಳಿಗೆ ಕೊಟ್ಟರು, ತುಪ್ಪ ಕಡಿಮೆ ಮಾಡಿ ನಡೆದಾಡಿ ಎಂದರು. ಅಷ್ಟೇ ಆಗಿದ್ದರೆ ಈ ಕಥೆ ಇರುತ್ತಿರಲಿಲ್ಲ. ಮುಂದಿನ ವಾರವೇ ಕಲ್ಯಾಣದ ಒಂದು ಶಾಲೆಯಲ್ಲಿ ನಿಸರ್ಗ ಚಿಕಿತ್ಸೆಯ ಶಿಬಿರ ನಡೆಯಿತು. ಎಲ್ಲಿಂದಲೋ ಬಂದ ಬಿಳಿ ಬಟ್ಟೆಯ ಭಾಷಣಕಾರ, ಬೆಂಕಿ ತಾಗಿದ ಊಟ ಸತ್ತ ಊಟ ಎಂದ. ಕೊಲೆಸ್ಟ್ರಾಲ್ ಬರುವುದು ಪ್ರಾಣಿಯಿಂದ, ಗಿಡದಿಂದ ಬರುವ ಯಾವ ವಸ್ತುವಿನಲ್ಲೂ ಅದು ಇಲ್ಲ ಎಂದ. ಹಾಲು, ಮೊಸರು, ತುಪ್ಪ ಬಿಡಿ, ಬೇಯಿಸುವುದನ್ನೇ ಬಿಡಿ ಎಂದ. ಗಿಡದಲ್ಲಿ ಕೊಲೆಸ್ಟ್ರಾಲ್ ಇಲ್ಲ ಎನ್ನುವ ಮಾತು ಸುಳ್ಳಲ್ಲ, ಅದಕ್ಕೇ ನನಗೆ ಇವತ್ತಿಗೂ ಆ ಮನುಷ್ಯನ ಮೇಲೆ ಸಿಟ್ಟು. ಪೂರಾ ಸುಳ್ಳು ಹೇಳಿದ್ದರೆ ಅಪ್ಪ ಹಿಡಿದುಬಿಡುತ್ತಿದ್ದ. ವ್ಯಾಪಾರಸ್ಥ, ಸುಳ್ಳಿನ ವಾಸನೆ ಗೊತ್ತಿತ್ತು.

ಅಂದಿನಿಂದ ಗುಳಿಗೆ ನಿಂತಿತು, ಎಮ್ಮೆಯ ಹಾಲು ಮಾರಾಟಕ್ಕೆ ಹೋಯಿತು. ಅಪ್ಪನ ತಾಟಿನಲ್ಲಿ ಗಜ್ಜರಿ, ಸೌತೆಕಾಯಿ, ಮೂಲಂಗಿ, ಮೆಂತ್ಯೆಸೊಪ್ಪು, ಮೊಳಕೆಯ ಮಡಕಿಕಾಳು, ಕೊಹಿನೂರಿನ ನಮ್ಮ ಹೊಲದಿಂದ ಬಂದ ಹಸಿ ಕಡಲೆ. "ಎಮ್ಮಿ ಮುಂದ ಹಾಕೋದು ನಿಮಗ, ನಿಮ್ಮ ಪಾಲಿಂದು ಎಮ್ಮಿಗಿ," ಎಂದು ಅವ್ವ ಮೊದಮೊದಲು ಚೇಷ್ಟೆ ಮಾಡುತ್ತಿದ್ದಳಂತೆ. ನಾನು ಬರುವ ಹೊತ್ತಿಗೆ ಚೇಷ್ಟೆ ನಿಂತಿತ್ತು.

ನಿಂತದ್ದು ಯಾಕೆ ಎಂದು ಅಪ್ಪ ಅಂಗಡಿಯಿಂದ ಬಂದಾಗ ತಿಳಿಯಿತು. ತಲಬಾಗಿಲಲ್ಲಿ ನಿಂತವನನ್ನು ನೋಡಿ ನಾನು ಎದ್ದು ನಿಂತೆ, ಯಾರೋ ಹೊರಗಿನವರು ಎಂದು. ಕೆನ್ನೆ ಒಳಗೆ ಹೋಗಿತ್ತು. ಅಂಗಿಯ ಕೊರಳಪಟ್ಟಿ ಕುತ್ತಿಗೆಯಿಂದ ದೂರ ನಿಂತಿತ್ತು. ಅಂಗೈ, ಪಾದ, ಮೂಗಿನ ಎರಡೂ ಬದಿ ಅರಿಷಿಣ ಹಚ್ಚಿದಷ್ಟು ಹಳದಿಯಾಗಿದ್ದವು. ಕಾಮಾಲೆ ಎಂದು ಹೆದರಿದೆ. ಕಣ್ಣು ಬೆಳ್ಳಗೇ ಇದ್ದವು. ಗಜ್ಜರಿ ಅತಿಯಾಗಿ ತಿಂದರೆ ಮೈ ಹೀಗೆ ಬಣ್ಣ ತಿರುಗುತ್ತದೆ, ಅದರಿಂದ ಏನೂ ಆಗುವುದಿಲ್ಲ ಎಂದು ಆಮೇಲೆ ಡಾಕ್ಟರು ಹೇಳಿದರು. ಆ ಗಳಿಗೆಯಲ್ಲಿ ಅದು ನನಗೆ ಗೊತ್ತಿರಲಿಲ್ಲ. "ಯಾವಾಗ ಬಂದಿ ಮಗಳ?" ಎಂದು ತಲೆಯ ಮೇಲೆ ಕೈ ಇಟ್ಟ. ಕೈ ತಣ್ಣಗಿತ್ತು.

ಮೂಲೆಯಲ್ಲಿ ಕೂತು ಮಡಕಿಕಾಳು ಆರಿಸುತ್ತಿದ್ದ ದೊಡ್ಡವ್ವ ಸರ್ರನೆ ಸೆರಗು ಮುಖಕ್ಕೆ ಎಳೆದುಕೊಂಡು ಎದ್ದು ಒಳಗೆ ಹೋದಳು. ನನಗೆ ವಿಚಿತ್ರವೆನಿಸಿತು. ಅಪ್ಪ ಆಕೆಗೆ ಮೈದುನ. ಅವನು ಚಡ್ಡಿ ಹಾಕುತ್ತಿದ್ದಾಗಿನಿಂದ 'ತಮ್ಮಾ' ಎಂದು ಕರೆದು ಉಣ್ಣಿಸಿದವಳು, ಅವನ ಮುಂದೆ ಎಂದೂ ಮುಖ ಮುಚ್ಚಿದವಳಲ್ಲ. ಒಳಗೆ ಹೋಗಿ ಕೇಳಿದೆ.

"ನಿನಗ ಕಾಣಸಂಗಿಲ್ಲೇನು?" ಎಂದಳು ಪಿಸುದನಿಯಲ್ಲಿ. "ಮೂಗು ಅವರದೇ ಬಂದದ. ನಡಿಗಿನೂ ಅವರದೇ. ನಿನ್ನಿ ಚಪ್ಪಲಿ ಬಿಟ್ಟ ಸಪ್ಪಳ ಕೇಳಿ ನಾ ನೀರ ತುಂಬಿಕೊಂಡ ಹೊಂಟಿದ್ದೆ. ಬಾಗಿಲಿಗಿ ಹೋದ ಮ್ಯಾಲೆ ನೆನಪಾತು, ಅವರ ಇಲ್ಲ ಅಂತ. ನನ್ನ ತಮ್ಮ ಎಲ್ಲಿ ಹೋದ ಹೇಳು?"

ನಾನು ಆಮೇಲೆ ಅಪ್ಪನನ್ನು ಕದ್ದು ನೋಡಿದೆ. ದೊಡ್ಡಪ್ಪ ಸಣ್ಣ ಮೈಯವನು, ಅಪ್ಪ ದುಂಡಗಿದ್ದವನು, ಅಣ್ಣತಮ್ಮಂದಿರು ಎಂದರೆ ಜನ ನಂಬುತ್ತಿರಲಿಲ್ಲ. ಈಗ ಮಾಂಸ ಇಳಿದ ಮೇಲೆ ಅದೇ ಗಲ್ಲದ ಎಲುಬು, ಅದೇ ಕಣ್ಣಗುಳಿ ಮೇಲೆ ಬಂದಿದ್ದವು. ನಾಲ್ಕು ದಿನಕ್ಕೆಂದು ಬಂದವಳು ಅವನನ್ನು ಹಾಗೆ ಬಿಟ್ಟು ಹೋಗಲಾರದೆ ಉಳಿದುಬಿಟ್ಟೆ. ಮರುವಾರ ಘಾಟಬೋರಾಳದ ಒಕ್ಕಲಿಗನೊಬ್ಬ ಬಹಳ ವರ್ಷದ ಮೇಲೆ ಅಂಗಡಿಗೆ ಬಂದವನು ಮೆಟ್ಟಿಲ ಮೇಲೇ ನಿಂತುಬಿಟ್ಟನಂತೆ. "ಸಾವಕಾರ್ರ, ನೀವು ಹೋದ್ರಿ ಅಂತ ಹೇಳಿದ್ರಲ್ರಿ! ಖರೇನೇ ತಿಳಕೊಂಡಿದ್ದೆ," ಅಂದನಂತೆ. ಅಪ್ಪ ಇದನ್ನು ಮನೆಗೆ ಬಂದು ನಗುತ್ತ ಹೇಳಿದ. ನಾವು ಮೂವರು ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದೆವು.

ಈ ನಡುವೆ ಓಣಿಯಲ್ಲಿ ಸುದ್ದಿ ಹಬ್ಬಿತ್ತು. ಗಂಡನಿಗೆ ಗಂಡಾಂತರ ಬಂದ ಹೆಂಗಸಿಗೆ ಮುತ್ತೈದೆಯರು ಉಡಿ ತುಂಬುತ್ತಾರೆ, ಆಕೆಯ ಮುತ್ತೈದೆತನ ಗಟ್ಟಿಯಾಗಲಿ ಎಂದು. ಮಂಗಳವಾರ, ಶುಕ್ರವಾರ ಬಂತೆಂದರೆ ಒಬ್ಬೊಬ್ಬರಾಗಿ ಬರುತ್ತಿದ್ದರು. ಅವ್ವ ಸೆರಗು ಒಡ್ಡಿ ನಿಲ್ಲಬೇಕು. ಅವರು ಅಕ್ಕಿ, ಉತ್ತತ್ತಿ, ಅಡಿಕೆ, ಅರಿಷಿಣ ಬೇರು, ಕೊಬ್ಬರಿ ಬಟ್ಟಲು, ಕುಬಸ ಹೊಲಿಸುವ ಬಟ್ಟೆಯ ಕಣ ಹಾಕಬೇಕು. ಉಡಿಯ ಸಾಮಾನು ಯಾರಿಗೂ ಕೊಡುವಂತಿಲ್ಲ, ಮಾರುವಂತಿಲ್ಲ. ಬಿಸಾಡಿದರೆ ಗಂಡನ ಆಯುಷ್ಯವನ್ನೇ ಬಿಸಾಡಿದಂತೆ ಎಂದು ಅವ್ವನ ನಂಬಿಕೆ. ಅಕ್ಕಿಯನ್ನು ಕುದಿಸಿ ಗಂಡಹೆಂಡತಿ ಉಣ್ಣಬೇಕು. ಆದರೆ ಒಲೆ ಇಲ್ಲದ ಮನೆಯಲ್ಲಿ ಅಕ್ಕಿ ಏನು ಮಾಡುವುದು? ಅದು ಆ ಕಣಗಳಲ್ಲೇ ಗಂಟಾಗಿ ದೇವರ ಕೋಣೆಯ ಗೋಡೆಗುಂಟ ಏರುತ್ತಿತ್ತು. ಹಸಿ ತಿನ್ನುವವನ ಬಾಯಿಗೆ ಸಲ್ಲುವಂಥದ್ದು ಉತ್ತತ್ತಿ ಮತ್ತು ಕೊಬ್ಬರಿ, ಅಷ್ಟೇ. ಒಣ ಕೊಬ್ಬರಿ ಬಿಸಿಲು ಬಿಟ್ಟರೆ ಬೆಂಕಿ ಕಂಡದ್ದಲ್ಲ ಎಂದು ಅಪ್ಪ ತಾನೇ ತೀರ್ಪು ಕೊಟ್ಟಿದ್ದ. ಅದು ತಿಳಿದ ಮೇಲೆ ಹೆಂಗಸರು ಒಂದು ಬಟ್ಟಲಿನ ಜಾಗದಲ್ಲಿ ಉಡಿ ತುಂಬ ಬಟ್ಟಲು ಹಾಕತೊಡಗಿದರು.

ಅಪ್ಪ ತಿಂದ. ಗಜ್ಜರಿ ಎಷ್ಟು ಮೆದ್ದರೂ ಹೊಟ್ಟೆ ಒಪ್ಪದು. ಕೊಬ್ಬರಿ ಬಿದ್ದರೆ ಮಾತ್ರ ಏನೋ ಉಂಡ ಸಮಾಧಾನ. ಕೂತಲ್ಲಿ ತಿಂದ, ನಿಂತಲ್ಲಿ ತಿಂದ, ಅಂಗಿಯ ಕಿಸೆಯಲ್ಲಿ ತುಂಡು ಹಾಕಿಕೊಂಡು ಅಂಗಡಿಗೆ ಹೋದ. ಮಾತೇ ಕಡಿಮೆಯಾಗಿದ್ದ ಆ ಮನೆಯಲ್ಲಿ ಇಡೀ ದಿನ ಕೇಳುತ್ತಿದ್ದದ್ದು ಒಣ ಕೊಬ್ಬರಿ ಕಡಿಯುವ ಕಟಕಟ ಸಪ್ಪಳ. ಅವ್ವ ಮಾತ್ರ ಆ ಸಪ್ಪಳ ಕೇಳಿ ಕಣ್ಣು ಮುಚ್ಚಿ ಕೈ ಮುಗಿಯುತ್ತಿದ್ದಳು. ಪ್ರತಿ ತುಂಡಿಗೂ ಗಂಡನ ಆಯುಷ್ಯ ಒಂದು ದಿನ ಬೆಳೆಯಿತು ಎನ್ನುವ ಮುಖ ಆಕೆಯದು.

ಬಸವಣ್ಣನವರ ಊರಿನವರು ನಾವು. ಶಕುನ, ಮೈಲಿಗೆ ಯಾವುದೂ ಇಲ್ಲವೆಂದು ಹೇಳಿಸಿಕೊಂಡು ಬೆಳೆದವರು. ಆದರೂ ಈ ಹೆಂಗಸರು ಬಂದಾಗ ದೊಡ್ಡವ್ವ ಹೇಳಿಸಿಕೊಳ್ಳದೆ ಹಿತ್ತಲಿಗೆ ಹೋಗುತ್ತಿದ್ದಳು. ಯಾರೂ ಆಕೆಯನ್ನು ಹೋಗು ಎನ್ನಲಿಲ್ಲ, ಯಾರೂ ಇರು ಎನ್ನಲೂ ಇಲ್ಲ.

ಒಂದು ತಿಂಗಳ ಮೇಲೆ ಅಪ್ಪ ಹುಮನಾಬಾದಿಗೆ ಹೋಗಿ ರಕ್ತ ಕೊಡಲು ತಯಾರಾದ. ಗೆದ್ದ ಮುಖ ಇತ್ತು. ಮೈಯಲ್ಲಿ ಕೊಬ್ಬೇ ಉಳಿದಿಲ್ಲ, ಇನ್ನು ರಕ್ತದಲ್ಲಿ ಎಲ್ಲಿಂದ ಬರಬೇಕು ಎನ್ನುವ ಲೆಕ್ಕ. ನಾನು, ಅವ್ವ ಜೊತೆಗೆ ಹೋದೆವು. ಡಾಕ್ಟರು ವರದಿ ನೋಡಿದರು, ಅಪ್ಪನ ಮುಖ ನೋಡಿದರು, ಮತ್ತೆ ವರದಿ ನೋಡಿದರು. ಕೊಲೆಸ್ಟ್ರಾಲ್ ಇಳಿದಿರಲಿಲ್ಲ. ಮೊದಲಿಗಿಂತ ಮೇಲೆ ಹೋಗಿತ್ತು.

"ಏನ ತಿನ್ನಾಕತ್ತೀರಿ ಸಾವಕಾರ್ರ?" ಎಂದರು. ಅಪ್ಪ ಹೇಳಿದ. ಎಲ್ಲಕ್ಕೂ ತಲೆಯಾಡಿಸುತ್ತಿದ್ದ ಡಾಕ್ಟರು ಕೊಬ್ಬರಿ ಎಂದಾಗ ಪೆನ್ನು ಕೆಳಗಿಟ್ಟರು.

"ಗಿಡದಾಗ ಕೊಲೆಸ್ಟ್ರಾಲ್ ಇಲ್ಲ ಡಾಕ್ಟರ್ ಸಾಹೇಬ್ರ," ಎಂದ ಅಪ್ಪ. "ಇಲ್ಲದ್ದು ನನ್ನೊಳಗ ಹ್ಯಾಂಗ ಬರತದ?"

"ಕೊಬ್ಬರಿಯೊಳಗ ಇಲ್ಲರಿ, ಖರೆ. ಆದರ ಅದನ್ನ ನಿಮ್ಮ ಲಿವರೇ ತಯಾರ ಮಾಡತದ, ದಿನಾ ಮಾಡತದ. ರಕ್ತದಾಗ ಹೆಚ್ಚಾದದ್ದನ್ನ ವಾಪಸ್ ತಗೊಳ್ಳೋದೂ ಅದೇ. ಕೊಬ್ಬರಿಯೊಳಗಿನ ಜಿಡ್ಡು ಭಾಳ ಆತು ಅಂದ್ರ ವಾಪಸ್ ತಗೊಳ್ಳೋದು ಕಮ್ಮಿ ಮಾಡತದ. ಹಂಗ ರಕ್ತದಾಗೇ ಉಳೀತದ. ಈಗ ಥಂಡಿ ಅದ. ತಲಿಗಿ ಹಚ್ಚೋ ಕೊಬ್ಬರಿ ಎಣ್ಣಿ ಬಾಟ್ಲಿಯೊಳಗ ಗಟ್ಟಿ ಆಗೇದಿಲ್ಲೋ? ಕುಸುಬಿ ಎಣ್ಣಿ ಗಟ್ಟಿ ಆಗತದ? ಶೇಂಗಾ ಎಣ್ಣಿ? ಹಂಗಂತ ಮೈಯಾಗ ಹೋಗಿ ಗಟ್ಟಿ ಆಗತದ ಅಂತ ಅಲ್ಲರಿ. ಜಾತಿ ಬ್ಯಾರೆ ಅದ ಅಂತ ತಿಳೀಲಿ ಅಂತ ಹೇಳಿದೆ. ಗುರುತಿಗಿ. ಎಳ್ಳು, ಅಗಸಿ, ಶೇಂಗಾ ಹಿಡಿತದಾಗ ತಿನ್ರಿ, ಅವು ಒಳ್ಳೇದೇ ಮಾಡತಾವ. ಹಸೀದರ ತಿನ್ರಿ, ಬೇಸಿದ್ದರ ತಿನ್ರಿ. ಕೊಬ್ಬರಿ ಬಂದ್ ಮಾಡ್ರಿ, ಗುಳಿಗಿ ಶುರು ಮಾಡ್ರಿ. ಇಲ್ಲಂದ್ರ ನಿಮ್ಮ ಅಣ್ಣಂದು ಆದಂಗ ಆಗತದ."

ನಾನು ಅವ್ವನ ಕಡೆ ನೋಡಿದೆ. ಆಕೆಯ ಎರಡೂ ಕೈ ಸೆರಗನ್ನು ಹಿಡಿದಿದ್ದವು. ಉಡಿ ತುಂಬಿಸಿಕೊಳ್ಳಲು ಹಿಡಿಯುವ ಹಾಗೆಯೇ ಹಿಡಿದಿದ್ದಳು, ತಾನು ಹಿಡಿದದ್ದು ಆಕೆಗೇ ಗೊತ್ತಿರಲಿಲ್ಲ.

ಕಲ್ಯಾಣಕ್ಕೆ ವಾಪಸಾಗುವ ಬಸ್ಸಿನಲ್ಲಿ ಅಪ್ಪ ಕಿಟಕಿ ಹತ್ತಿರ ಕೂತ. ಹಳದಿ ಬೆರಳುಗಳು ಕಿಸೆಗೆ ಹೋದವು, ಒಂದು ತುಂಡು ಬಾಯಿಗೆ ಬಂತು. "ಇಷ್ಟು ಹೆಣ್ಮಕ್ಕಳ ಹಾರೈಕಿ ಅದ ಇದರಾಗ," ಎಂದ ಯಾರಿಗೂ ಅಲ್ಲದ ಹಾಗೆ. "ಇದು ನನಗ ಹ್ಯಾಂಗ ಕೆಟ್ಟದ್ದ ಮಾಡತದ? ಮಷಿನ್ನೇ ಬರೋಬರಿ ಇಲ್ಲ." ಮೈ ಹೊರಗಿನಿಂದ ಕರಗುತ್ತ, ಒಳಗಿನಿಂದ ಕಾಣದ್ದೊಂದು ತುಂಬುತ್ತ ನನ್ನ ಪಕ್ಕದಲ್ಲಿ ಕೂತಿದ್ದ. ನನ್ನ ಹೊಟ್ಟೆಯಲ್ಲಿ ಕೂಸು ಹೊರಳಿತು. ಮೊದಲ ಸಲ ಅದರ ಚಲನೆಗೆ ನನಗೆ ಸಂತೋಷವಾಗಲಿಲ್ಲ, ಹೆದರಿಕೆಯಾಯಿತು.

ಅವ್ವ ಅಂದಿನಿಂದ ಕೊಬ್ಬರಿ ಅಡಗಿಸತೊಡಗಿದಳು. ಅಟ್ಟದ ಮೇಲೆ, ಹಾಸಿಗೆ ಸುರುಳಿಯ ಒಳಗೆ, ಕಡೆಗೆ ಜೋಳದ ಕಣಜದಲ್ಲಿ ಕೈ ಮುಳುಗುವಷ್ಟು ಆಳಕ್ಕೆ. ಒಂದು ಮಧ್ಯಾಹ್ನ ನಾನು ಜೋಳದ ಕೋಣೆಗೆ ಹೋದೆ. ಹೊರಗಿನ ಬಿಸಿಲಿನಿಂದ ಒಳಗೆ ಬಂದ ಕಣ್ಣಿಗೆ ಮೊದಲು ಏನೂ ಕಾಣಲಿಲ್ಲ. ಆಮೇಲೆ ಕಣಜಕ್ಕೆ ಒರಗಿದ ಒಂದು ಬೆನ್ನು ಕಂಡಿತು, ಸಣ್ಣ ಬೆನ್ನು, ಎಡಭುಜ ತುಸು ಇಳಿದದ್ದು. ದೊಡ್ಡಪ್ಪನ ಭುಜ ಹಾಗೆ ಇಳಿದಿತ್ತು. ತೋಳು ಭುಜದವರೆಗೆ ಜೋಳದೊಳಗೆ ಹೋಗಿತ್ತು, ಒಳಗೆ ಏನನ್ನೋ ತಡವುತ್ತಿತ್ತು, ಜೋಳ ಸುರ್ ಸುರ್ ಎಂದು ಜಾರುತ್ತಿತ್ತು. ನನ್ನ ಬಾಯಿಂದ "ದೊಡ್ಡಪ್ಪಾ" ಎಂದೇ ಬಂತು. ಆ ಬೆನ್ನು ತಿರುಗಿತು. ಹುಬ್ಬಿನ ಮೇಲೆಲ್ಲ ಜೋಳದ ಧೂಳು, ಹಲ್ಲಿನಲ್ಲಿ ಕೊಬ್ಬರಿ.

"ಹೂಂ?" ಅಂದ ಅಪ್ಪ.

ನಾನು ಕರೆದ ಹೆಸರಿಗೆ ಅವನು ಹೂಂ ಅಂದದ್ದು, ಆ ಹೆಸರು ತನ್ನದಲ್ಲ ಎಂದು ಅವನಿಗೆ ಹೊಳೆಯದೇ ಹೋದದ್ದು, ಅದನ್ನು ನಾನು ಯಾರಿಗೂ ಹೇಳಲಿಲ್ಲ. ಬಸುರಿಯ ಭ್ರಮೆ ಎನ್ನುತ್ತಿದ್ದರು.

ಕೊಬ್ಬರಿ ಮನೆಗೆ ಬಂದರೆ ಅಪ್ಪ ತಿನ್ನುತ್ತಾನೆ, ಆದ್ದರಿಂದ ಅದು ಬಾರದಂತೆ ಮಾಡಬೇಕು ಎಂದು ಅವ್ವನಿಗೆ ಗಟ್ಟಿಯಾಯಿತು. ಮುಂದಿನ ಶುಕ್ರವಾರ ಬಂದವರ ಮುಂದೆ ಬಾಯಿ ತೆರೆದಳು. "ಅಕ್ಕಿ ಅಷ್ಟೇ ಹಾಕ್ರಿ ನಮ್ಮವ್ವ. ಕೊಬ್ಬರಿ ಬ್ಯಾಡ. ಡಾಕ್ಟರ್ ಬ್ಯಾಡ ಅಂದಾರ." ಹೆಂಗಸರು ಒಬ್ಬರನ್ನೊಬ್ಬರು ನೋಡಿದರು. "ಕೊಬ್ಬರಿ ಇಲ್ಲದ್ದು ಅದೇನ ಉಡಿರಿ? ಹಂಗ ತುಂಬಿದ್ರ ನಮಗ ಪಾಪ ಬರತದ," ಎಂದಳು ಬಲಗಡೆ ಮನೆಯವಳು. ಅಯ್ಯೋ, ಈಕೆಗೆ ಧೈರ್ಯ ಕುಸಿದಿದೆ, ಅದಕ್ಕೇ ಹೀಗೆ ಆಡುತ್ತಾಳೆ ಎಂದು ಮಂಗಳವಾರ ಇನ್ನೂ ಹೆಚ್ಚು ಜನ ಬಂದರು, ಇನ್ನೂ ಹೆಚ್ಚು ಬಟ್ಟಲು ತಂದರು. ಅವರ ಮನಸ್ಸಿನಲ್ಲಿ ಒಂದು ಎಳ್ಳಷ್ಟೂ ಕೆಡುಕಿರಲಿಲ್ಲ. ಹಣೆಗೆ ಕುಂಕುಮ ಹಚ್ಚಿ, ಕಣ್ಣಲ್ಲಿ ನೀರು ತಂದುಕೊಂಡು, ಅಪ್ಪನ ಸಾವನ್ನು ಬೊಗಸೆ ಬೊಗಸೆಯಾಗಿ ಅವ್ವನ ಸೆರಗಿಗೆ ಸುರಿದು ಹೋಗುತ್ತಿದ್ದರು. ಅವ್ವ ಸೆರಗು ಒಡ್ಡುತ್ತಿದ್ದಳು. ಒಡ್ಡದೆ ಗತಿ ಇರಲಿಲ್ಲ. ನಮ್ಮಲ್ಲಿ ಉಡಿ ಬೇಡ ಎನ್ನುವ ಮಾತಿಲ್ಲ. ಯಾರ ಉಡಿ ತುಂಬುವುದಿಲ್ಲವೋ ಆಕೆ ಗಂಡ ಸತ್ತವಳು, ಮತ್ತೆ ಯಾರೂ ಅಲ್ಲ.

ಸಂಕ್ರಾಂತಿ ಕಳೆದ ಮೇಲೆ ನಾನು ಗಂಡನ ಮನೆಗೆ ಮರಳಿದೆ, ಹುಮನಾಬಾದಿನಲ್ಲೇ ನನ್ನ ಕುಬಸ ಇಟ್ಟರು. ಚೊಚ್ಚಲ ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಹೂವು ಮುಡಿಸಿ ಉಡಿ ತುಂಬುವ ಕಾರ್ಯ. ಮುಂಜಾನೆ ಕಲ್ಯಾಣದಿಂದ ಅಪ್ಪ, ಅವ್ವ, ದೊಡ್ಡವ್ವ ಬಂದರು. ನಮ್ಮ ಅತ್ತೆ ಅಪ್ಪನನ್ನು ನೋಡಿ ಮಾತು ಮರೆತು ನಿಂತರು, ಆಮೇಲೆ ಎಚ್ಚರಾಗಿ "ಬರ್ರಿ ಬೀಗರ," ಎಂದರು. ಅಪ್ಪ ಹೊರಗೆ ಗಂಡಸರ ಜೊತೆ ಚಾಪೆಯ ಮೇಲೆ ಕೂತ. ದೊಡ್ಡವ್ವ ತಾನಾಗಿಯೇ ಪಡಸಾಲೆಯ ಹಿಂದಿನ ಗೋಡೆಗೆ ಹೋಗಿ ಗಂಡ ಇಲ್ಲದ ಹೆಂಗಸರ ಸಾಲಿನಲ್ಲಿ ಕೂತಳು. ಆ ಸಾಲು ಯಾರೂ ಹಾಕಿದ್ದಲ್ಲ, ಪ್ರತಿ ಮನೆಯಲ್ಲೂ ಅದು ಇದ್ದೇ ಇರುತ್ತದೆ.

ಅವ್ವ ಬಂದು ಮೊದಲ ಉಡಿ ನನಗೆ ತುಂಬಿದಳು. ಹಾಡು ನಡೆದಿತ್ತು. ಒಬ್ಬೊಬ್ಬರಾಗಿ ತುಂಬಿ ಆರತಿ ಬೆಳಗಿದರು. ಆಮೇಲೆ ಬಂದ ಮುತ್ತೈದೆಯರಿಗೆಲ್ಲ ಉಡಿ ತುಂಬುವ ಸರದಿ. ಬಸುರಿಯ ತಾಯಿಯಿಂದಲೇ ಶುರುವಾಗಬೇಕು. ಅತ್ತೆ ಅಕ್ಕಿ, ಕಣ, ರಾಶಿ ಕೊಬ್ಬರಿ ಇದ್ದ ತಾಟು ಹಿಡಿದು ಎದ್ದರು. ಬೀಗತಿಯ ಗಂಡನ ತಬಿಯತ್ತು ಕೇಳಿದ್ದರಲ್ಲ, ಅದಕ್ಕೇ ಅಷ್ಟು ಕೊಬ್ಬರಿ. ಮುಂದಿನ ಸಾಲಿನಲ್ಲಿ ಅವ್ವನ ಜಾಗ ಖಾಲಿ ಇತ್ತು.

ನಾನು ಹೂವಿನ ಭಾರದ ತಲೆ ಎತ್ತಿ ನೋಡಿದೆ. ಅವ್ವ ಹಿಂದಿನ ಗೋಡೆಗೆ ಒರಗಿ ದೊಡ್ಡವ್ವನ ಪಕ್ಕದಲ್ಲಿ ಕೂತಿದ್ದಳು. ಸೆರಗನ್ನು ಬಿಗಿಯಾಗಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. ಹಣೆಯಲ್ಲಿ ಕುಂಕುಮ, ಕೊರಳಲ್ಲಿ ತಾಳಿ, ಕೈತುಂಬ ಬಳೆ. ಆ ಬೋಳು ಹಣೆಗಳ ನಡುವೆ ಆ ಒಂದು ಕುಂಕುಮವನ್ನು ನೋಡಿ ಹಾಡುತ್ತಿದ್ದವರು ಒಬ್ಬೊಬ್ಬರಾಗಿ ನಿಂತರು. ಕಡೆಗೆ ಒಬ್ಬಳೇ ಹಾಡುತ್ತಿದ್ದಳು, ಆಕೆಯೂ ತಿರುಗಿ ನೋಡಿ ನಿಲ್ಲಿಸಿದಳು.

ದೊಡ್ಡವ್ವ ಅವ್ವನ ಭುಜ ಹಿಡಿದು ನೂಕುತ್ತಿದ್ದಳು. "ಏಳು! ಹುಚ್ಚಿ ಆಗೀಯೇನ? ಇದು ನಿನ್ನ ಜಾಗ ಅಲ್ಲ. ಏಳ ನಮ್ಮವ್ವ, ನಿನ್ನ ಕಾಲ ಬೀಳತೇನಿ."

"ಇಲ್ಲೇ ಕುಂಡ್ರತೀನಿ ಅಕ್ಕಾ," ಎಂದಳು ಅವ್ವ. ದನಿ ಸಣ್ಣದಿತ್ತು, ಆದರೆ ಆ ಮೌನದಲ್ಲಿ ಎಲ್ಲರಿಗೂ ಕೇಳಿತು. "ಅಲ್ಲಿ ಕುಂತ್ರ ತುಂಬತಾರ. ಇಲ್ಲಿ ಕುಂತ್ರ ಯಾರೂ ತುಂಬಂಗಿಲ್ಲ."

"ಬೀಗ್ತೇರ, ಶುಭಕಾರ್ಯದಾಗ ಇದೇನ್ರಿ ಇದು," ಎಂದರು ಅತ್ತೆ. ಅವರ ಕೈಯ ತಾಟಿನಲ್ಲಿ ಬಟ್ಟಲುಗಳು ಒಂದಕ್ಕೊಂದು ತಾಗಿ ಸಪ್ಪಳ ಮಾಡುತ್ತಿದ್ದವು. ನನಗೆ ಅಳು ಬಂತು. ನನ್ನ ಕೂಸಿಗೆ ಅಪಶಕುನ ಮಾಡಿದಳಲ್ಲ ಎಂದು ಒಂದು ಗಳಿಗೆ ಅವ್ವನ ಮೇಲೆ ಸಿಟ್ಟೂ ಬಂತು. ಸುಳ್ಳು ಯಾಕೆ ಹೇಳಲಿ.

ಹಾಡು ಯಾಕೆ ನಿಂತಿತು ಎಂದು ಗಂಡಸರು ಬಾಗಿಲಿಗೆ ಬಂದರು. ಅಪ್ಪ ಮುಂದಿದ್ದ. ಒಳಗೆ ನೋಡಿದ. ಖಾಲಿ ಜಾಗ, ತಾಟು ಹಿಡಿದು ನಿಂತ ಅತ್ತೆ, ಹಿಂದಿನ ಸಾಲಿನಲ್ಲಿ ತನ್ನ ಹೆಂಡತಿ. ಹಳದಿ ಕೈ ಚೌಕಟ್ಟು ಹಿಡಿಯಿತು. ಆ ಗಳಿಗೆಯಲ್ಲಿ ತಾನು ಹೊರಗೆ ಚಾಪೆಯ ಮೇಲೆ ಕೂತಲ್ಲೇ ಹೋಗಿಬಿಟ್ಟೆನೋ ಏನೋ, ಇವರಿಗೆ ಸುದ್ದಿ ಮುಟ್ಟಿ ತನಗೆ ಇನ್ನೂ ಮುಟ್ಟಿಲ್ಲವೋ ಏನೋ ಎನಿಸಿತು ಎಂದು ಬಹಳ ದಿನದ ಮೇಲೆ ನನಗೆ ಹೇಳಿದ. ಆಗ ಅವನ ಬಾಯಿಂದ ಹೊರಟದ್ದು ಎರಡೇ ಮಾತು.

"ಯಾರ ಹೋದ್ರು?"

"ಇನ್ನಾ ಯಾರೂ ಹೋಗಿಲ್ಲ," ಎಂದಳು ಅವ್ವ.

ಅಪ್ಪ ಅಲ್ಲೇ ಕುಸಿದು ಹೊಸ್ತಿಲ ಮೇಲೆ ಕೂತ. ಕಿಸೆಯಿಂದ ಕೊಬ್ಬರಿ ತುಂಡುಗಳನ್ನು ತೆಗೆದು ತೆಗೆದು ನೆಲದ ಮೇಲೆ ಇಟ್ಟ. ಕಿಸೆ ಖಾಲಿಯಾದ ಮೇಲೂ ಸ್ವಲ್ಪ ಹೊತ್ತು ಕೈ ಒಳಗೇ ಇತ್ತು. ಆಮೇಲೆ ಎದ್ದು ನನ್ನ ಗಂಡನಿಗೆ, "ಆ ಡಾಕ್ಟರ್ ಇವತ್ತ ಇದ್ದಾರೇನ್ರಿ?" ಎಂದು ಕೇಳಿದ.

ಅವನು ಅಂದಿನಿಂದ ಗುಳಿಗೆ ತೆಗೆದುಕೊಂಡ, ಬೇಯಿಸಿದ್ದನ್ನು ತಿಂದ, ಕೊಬ್ಬರಿ ಮುಟ್ಟಲಿಲ್ಲ. ಮುಂದಿನ ಪರೀಕ್ಷೆಯಲ್ಲಿ ಕೊಲೆಸ್ಟ್ರಾಲ್ ಇಳಿಯಿತು, ಅದರ ಮುಂದಿನದರಲ್ಲಿ ಇನ್ನಷ್ಟು. ಅಂಗೈ ಮೊದಲಿನ ಬಣ್ಣಕ್ಕೆ ಬಂತು, ಕೆನ್ನೆ ತುಂಬಿತು, ದೊಡ್ಡವ್ವ ಮತ್ತೆ 'ತಮ್ಮಾ' ಎಂದಳು. ದೊಡ್ಡಪ್ಪನ ವಯಸ್ಸನ್ನು ದಾಟಿ, ಹೊಸ ಶತಮಾನ ಬಂದ ಮೇಲೂ ಅಪ್ಪ ಗಾದಿಯ ಮೇಲೆ ಕೂತು ಗಿರಾಕಿಗಳ ಜೊತೆ ಜಗಳ ಆಡುತ್ತಿದ್ದ. ನನ್ನ ಮಗ ಸುಖವಾಗಿ ಹುಟ್ಟಿ ಅದೇ ಗಾದಿಯ ಮೇಲೆ ಉಚ್ಚೆ ಹೊಯ್ದ.

ಆದರೆ ಗಂಡ ಇರುವಾಗಲೇ ಆ ಸಾಲಿನಲ್ಲಿ ಕೂತು ಎದ್ದವಳ ಸೆರಗಿಗೆ ಕೈ ಹಾಕಲು ಆಮೇಲೆ ಯಾವ ಹೆಂಗಸಿಗೂ ಧೈರ್ಯ ಬರಲಿಲ್ಲ. ಕಲ್ಯಾಣದಲ್ಲೂ ಇಲ್ಲ, ಹುಮನಾಬಾದಿನಲ್ಲೂ ಇಲ್ಲ. ತಾಟು ಆಕೆಯ ಹತ್ತಿರ ಬಂದು ಪಕ್ಕದವಳಿಗೆ ದಾಟಿ ಹೋಗುತ್ತಿತ್ತು. ಒಂದೆರಡು ಸಲ ಹಾಗಾದ ಮೇಲೆ, ಯಾವ ಮದುವೆಗೆ ಹೋದರೂ ಅವ್ವ ತಾನೇ ಹಿಂದಿನ ಗೋಡೆಗೆ ಹೋಗಿ ದೊಡ್ಡವ್ವನ ಪಕ್ಕ ಕೂಡತೊಡಗಿದಳು. ಹೊರಗೆ ಗಂಡಸರ ಪಂಕ್ತಿಯಿಂದ ಅಪ್ಪನ ದನಿ ಕೇಳುತ್ತದೆ, ಇನ್ನಷ್ಟು ಸಾರು ತರ್ರಿ ಎನ್ನುವ ದನಿ. ಆ ದನಿ ಕೇಳಿದಾಗಲೆಲ್ಲ ಅವ್ವ ತನ್ನ ಖಾಲಿ ಸೆರಗನ್ನು ತೊಡೆಯ ಮೇಲೆ ಸರಿಮಾಡಿಕೊಳ್ಳುತ್ತಾಳೆ.